ಕಾಲೇಜಿನ ಸೀಟು ಮತ್ತು ಅಪ್ಪನ ಸಹಿ

ಪಿಯುಸಿ ಫಲಿತಾಂಶ, ಸಿಇಟಿ ರ್‍ಯಾಂಕು ಎರಡೂ ಕೈಗೆ ಬಂದ ಮೇಲೆ ಭಾನುವಾರದ ಬಲಿಪೂಜೆಯ ನಂತರ ನಮ್ಮ ಗುರುಮಂದಿರದ ಜಗುಲಿಯಲ್ಲಿ ಕಾಯುವವರ ಸಂಖ್ಯೆ ಹೆಚ್ಚುತ್ತದೆ. ತಂದೆ, ತಾಯಿ, ಮಧ್ಯದಲ್ಲಿ ಮಗ ಅಥವಾ ಮಗಳು. ತಾಯಿಯ ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. "ಫಾದರ್, ಯಾವ ಕಾಲೇಜು ಒಳ್ಳೆಯದು?" ಎಂದೇ ಮಾತು ಶುರು. ಖರ್ಚಿನ ವಿಷಯ ಬರುವುದು ಎಲ್ಲ ಮುಗಿದು ಚಪ್ಪಲಿ ಮೆಟ್ಟುವಾಗ: "ಹೇಗೂ ಬ್ಯಾಂಕಿನವರು ಲೋನ್ ಕೊಡ್ತಾರಂತಲ್ಲ."

ಈ ಕ್ರಮ ತಿರುಗುಮುರುಗಾಗಬೇಕು. ಲೋನಿನ ಲೆಕ್ಕ ಮೊದಲು, ಕಾಲೇಜಿನ ಹೆಸರು ಆಮೇಲೆ. ಹೀಗೆ ಹೇಳುವ ಯೋಗ್ಯತೆ ನನಗೆ ಬಂದದ್ದು ಒಂದು ತಪ್ಪಿನಿಂದ.

2012ರಲ್ಲಿ, ನನಗೆ ಗುರುದೀಕ್ಷೆಯಾಗಿ ಇನ್ನೂ ಮೂರು ವರ್ಷ. ಕಾಫಿ ತೋಟವೊಂದರಲ್ಲಿ ರೈಟರಾಗಿದ್ದವರೊಬ್ಬರು ಮಗನನ್ನು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ, ಆಡಳಿತ ಮಂಡಳಿಯ ಸೀಟಿಗೆ ಸೇರಿಸಬೇಕೆಂದು ಬಂದರು. ಏಳು ಲಕ್ಷದ ಸಾಲ. ಬ್ಯಾಂಕು ಜಾಮೀನು ಕೇಳಿತ್ತು. ಗಾಯನ ಮಂಡಳಿಯ ಗೆಳೆಯರೊಬ್ಬರು ಸಹಿ ಹಾಕಲು ಸಿದ್ಧರಿದ್ದರು. "ಓದಿಗೆ ಮಾಡಿದ ಸಾಲ ಸಾಲವಲ್ಲ, ಧೈರ್ಯವಾಗಿ ಹೋಗಿ, ದೇವರು ನೋಡಿಕೊಳ್ಳುತ್ತಾರೆ" ಎಂದುಬಿಟ್ಟೆ. ವರ್ಷದ ಬಡ್ಡಿ ಎಷ್ಟು ಎಂದು ಕೂಡ ಕೇಳಲಿಲ್ಲ. ಹುಡುಗ ಒಳ್ಳೆಯವನೇ, ಸೋಮಾರಿಯಲ್ಲ. ಗಣಿತದಲ್ಲಿ ಎರಡು ಬಾರಿ ಉಳಿದ, ಪದವಿ ಒಂದು ವರ್ಷ ತಡವಾಯಿತು, ಸಿಕ್ಕ ಕೆಲಸದಲ್ಲಿ ಸಂಬಳ ಹದಿನೆಂಟು ಸಾವಿರ. ಅದರಲ್ಲಿ ಬೆಂಗಳೂರಿನ ಕೊಠಡಿ ಬಾಡಿಗೆ, ಊಟ ಕಳೆದು ಕಂತು ಕಟ್ಟುವುದೆಲ್ಲಿಂದ? ನೋಟೀಸು ತಂದೆಗೆ ಬಂತು, ಬಳಿಕ ಜಾಮೀನುದಾರರಿಗೂ ಬಂತು. ತಂದೆಯ ಗ್ರಾಚ್ಯುಯಿಟಿ ಅದರಲ್ಲಿ ಕರಗಿತು. ಎರಡು ಮನೆಗಳ ಮಾತು ನಿಂತಿತು. ಆ ತಂದೆ ನಾಚಿಕೆಯಿಂದ ಬೇರೊಂದು ಊರಿನ ಪೂಜೆಗೆ ಹೋಗತೊಡಗಿದರು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಈಗ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಬಂದವರನ್ನು ಕೂರಿಸಿ ಲೆಕ್ಕ ಬರೆಸುತ್ತೇನೆ. ಒಂದು ಲೆಕ್ಕ ಇಲ್ಲಿ ನೋಡಿ.

ನಾಲ್ಕು ವರ್ಷದ ಓದು, ವರ್ಷಕ್ಕೆ ಎರಡೂವರೆ ಲಕ್ಷ, ಒಟ್ಟು 10 ಲಕ್ಷ ಸಾಲ. ಬಡ್ಡಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಶೇ. 10 ಎಂದಿಟ್ಟುಕೊಳ್ಳೋಣ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ನಿಜ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ. ಐದು ವರ್ಷದಲ್ಲಿ ಅದು ಸರಳ ಬಡ್ಡಿಯಲ್ಲೇ ಮೂರೂವರೆ ಲಕ್ಷ. ಅಂದರೆ ಮೊದಲ ಕಂತು ಕಟ್ಟುವ ದಿನ ಸಾಲ 13.5 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 17,800 ರೂಪಾಯಿ. ಒಟ್ಟು ಕಟ್ಟಿದ್ದು 21 ಲಕ್ಷ ದಾಟುತ್ತದೆ. ಹದಿನೈದು ವರ್ಷಕ್ಕೆ ಎಳೆದರೆ ಕಂತು 14,500ಕ್ಕೆ ಇಳಿಯುತ್ತದೆ, ಒಟ್ಟು 26 ಲಕ್ಷಕ್ಕೆ ಏರುತ್ತದೆ. ಓದುವಾಗಲೇ ಬಡ್ಡಿಯನ್ನಷ್ಟು ಕಟ್ಟುತ್ತ ಹೋದರೆ (ಮೊದಲ ವರ್ಷ ತಿಂಗಳಿಗೆ ಎರಡು ಸಾವಿರದಷ್ಟು, ನಾಲ್ಕನೆಯ ವರ್ಷ ಎಂಟು ಸಾವಿರ ಚಿಲ್ಲರೆ) ಹತ್ತು ವರ್ಷದ ಕಂತು 13,200ರಲ್ಲಿ ನಿಲ್ಲುತ್ತದೆ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲೂ ಸ್ವಲ್ಪ ಬಿಡುತ್ತವೆ. ಕೇಳಿ ನೋಡಿ, ಕೇಳದೆ ಯಾರೂ ಹೇಳುವುದಿಲ್ಲ.

ಈ ಕಾಗದಕ್ಕೆ ಮಗ ಅಥವಾ ಮಗಳು ಒಬ್ಬರೇ ಸಹಿ ಹಾಕುವುದಿಲ್ಲ. ತಂದೆ ಅಥವಾ ತಾಯಿ ಸಹ-ಸಾಲಗಾರರು. ಕಂತು ತಪ್ಪಿದರೆ ಇಬ್ಬರ ಹೆಸರೂ ಕೆಡುತ್ತದೆ, ಮುಂದೆ ತಂಗಿಯ ಓದಿಗೆ ಸಾಲ ಕೇಳಹೋದಾಗ ಅದೇ ಅಡ್ಡ ಬರುತ್ತದೆ. ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯನ್ನೂ ಒತ್ತೆಯಿಡಬೇಕಾಗುತ್ತದೆ. ಇನ್ನು ರಸೀದಿಯಿಲ್ಲದೆ ಕೇಳುವ 'ಡೊನೇಷನ್'ಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಅದಕ್ಕಾಗಿ ತಾಯಿಯ ಬಳೆ ಒತ್ತೆ ಹೋಗುತ್ತದೆ. ಕರ್ನಾಟಕದಲ್ಲಿ 1984ರ ಕಾಯ್ದೆಯಿಂದಲೇ ಕ್ಯಾಪಿಟೇಶನ್ ಶುಲ್ಕ ನಿಷಿದ್ಧ. ಅಂಥ ಹಣ ಕೇಳುವ ಕಡೆಯಿಂದ ಎದ್ದು ಬನ್ನಿ. ಕಾಲೇಜು ನಡೆಸುವವರು ನಮ್ಮವರೇ ಆಗಿದ್ದರೂ ಎದ್ದು ಬನ್ನಿ.

ಹಾಗಾದರೆ ಸಾಲವೇ ಬೇಡವೇ? ಹಾಗಲ್ಲ. ಸಾಲವಿಲ್ಲದಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರೇ ಇರುತ್ತಿರಲಿಲ್ಲ. ಅರಸರ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಒಬ್ಬ ವಿಧವೆ ಬರುತ್ತಾಳೆ. ಸಾಲಗಾರ ಅವಳ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯಲು ಬಂದಿದ್ದಾನೆ. ಪ್ರವಾದಿ ಎಲೀಷ ಅವಳಿಗೆ ಉಪದೇಶ ಮಾಡುವುದಿಲ್ಲ, ಮನೆಯಲ್ಲಿ ಏನಿದೆ ಎಂದು ವಿಚಾರಿಸುತ್ತಾನೆ. ಇರುವುದು ಒಂದು ಮೊಗೆ ಎಣ್ಣೆ. ಅದು ಹೆಚ್ಚಿದ ಮೇಲೆ ಮಾರಿ ಸಾಲ ತೀರಿಸಿ, ಉಳಿದದ್ದರಲ್ಲಿ ಮಕ್ಕಳೊಂದಿಗೆ ಬದುಕಲು ತಿಳಿಸುತ್ತಾನೆ. ಕೈಯಲ್ಲಿರುವುದನ್ನು ಮೊದಲು ನೋಡುವುದು, ತೀರಿಸಿದ ಮೇಲೂ ಬದುಕಲು ಉಳಿಯಬೇಕೆಂದು ನೋಡುವುದು: ಇವೆರಡೂ ಅಲ್ಲಿವೆ.

ನಮ್ಮ ಕೈಯಲ್ಲಿರುವುದೇನು? ಸಿಇಟಿ ಮೂಲಕ ಸಿಗುವ ಸರ್ಕಾರಿ ಸೀಟು ಮೊದಲನೆಯದು. ವಿಟಿಯು ಅಧೀನದ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಹುಡುಗಿ, ಆಡಳಿತ ಮಂಡಳಿ ಕೋಟಾದ ಹುಡುಗ ಕೂರುವುದು ಒಂದೇ ಬೆಂಚಿನಲ್ಲಿ. ಪದವಿಪತ್ರ ಇಬ್ಬರಿಗೂ ಬೆಳಗಾವಿಯಿಂದಲೇ. ವ್ಯತ್ಯಾಸ ಶುಲ್ಕದಲ್ಲಿ ಮಾತ್ರ. ಕುಟುಂಬದ ವಾರ್ಷಿಕ ವರಮಾನ 8 ಲಕ್ಷ ಮೀರದವರಿಗೆ ಬೋಧನಾ ಶುಲ್ಕವಿಲ್ಲದ ಶೇ. 5ರಷ್ಟು ಸೂಪರ್‌ನ್ಯೂಮರರಿ ಸೀಟುಗಳಿವೆ. ಕ್ರೈಸ್ತರೂ ಸೇರಿದಂತೆ ಅಲ್ಪಸಂಖ್ಯಾತ ಮಕ್ಕಳಿಗೆ 'ಅರಿವು' ಯೋಜನೆಯ ಸಾಲವುಂಟು. ಬ್ಯಾಂಕಿನ ಬಡ್ಡಿಗೆ ಹೋಲಿಸಿದರೆ ಅದರ ಸೇವಾಶುಲ್ಕ ತೀರ ಕಡಿಮೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೇರಿದವರಿಗೆ ಒತ್ತೆ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಜಾತಿ, ವರಮಾನ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಕೊನೆಯ ದಿನ ನಾಡಕಚೇರಿಯ ಸರದಿಯಲ್ಲಿ ನಿಂತು ನನಗೆ ಫೋನ್ ಮಾಡಿದರೆ ನಾನು ಪ್ರಾರ್ಥನೆ ಮಾತ್ರ ಮಾಡಬಲ್ಲೆ.

ಕಾಲೇಜಿನವರು ತೋರಿಸುವ 'ಅತ್ಯಧಿಕ ಪ್ಯಾಕೇಜ್' ಫಲಕಕ್ಕೆ ಮರುಳಾಗಬೇಡಿ. ಅದು ಒಬ್ಬನ ಕತೆ. ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಸೇರಿದ ಸಂಸ್ಥೆಗಳು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಕಾಲದಲ್ಲಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸವಾಯಿತು, ಅವರ ನಡುಮಟ್ಟದ ಸಂಬಳವೆಷ್ಟು ಎಂಬ ವಿವರ ಸಲ್ಲಿಸಬೇಕು. ಅದು ಅವುಗಳ ಜಾಲತಾಣದಲ್ಲೇ ಇರುತ್ತದೆ. ನಡುಮಟ್ಟದ ಸಂಬಳವೆಂದರೆ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ಮಧ್ಯದಲ್ಲಿ ನಿಲ್ಲುವವರದು. ನಿಮ್ಮ ಮಗು ಅವರಲ್ಲೊಬ್ಬರಾದರೆ ಕಂತು ಕಟ್ಟಿ ಊಟ ಮಾಡಬಹುದೇ? ಅಷ್ಟು ನೋಡಿದರೆ ಸಾಕು.

ಸೆಮಿನರಿಯಲ್ಲಿ ಸಂತ ತೋಮಸ್ ಅಕ್ವಿನಾಸರ ವಿವೇಕದ ಅಧ್ಯಾಯ ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ವಿವೇಕಕ್ಕೆ ಅವರು ಕೊಡುವ ಅಂಗಗಳಲ್ಲಿ ಮುಂದಾಲೋಚನೆ ಮುಖ್ಯವಾದದ್ದು. ಲತೀನಿನಲ್ಲಿ ಅದಕ್ಕೂ ದೇವರ ಪರಿಪಾಲನೆಗೂ ಒಂದೇ ಪದ, ಮುಂದೆ ನೋಡುವುದು ಎಂದು ಅರ್ಥ. ಆ ರೈಟರಿಗೆ ನಾನು ಹೇಳಿದ "ದೇವರು ನೋಡಿಕೊಳ್ಳುತ್ತಾರೆ" ಎಂಬ ಮಾತಿನಲ್ಲಿ ನೋಡುವುದನ್ನೆಲ್ಲ ದೇವರಿಗೆ ಬಿಟ್ಟು ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಈ ಸಲ ಬಂದವರಲ್ಲಿ ಒಂದು ಕುಟುಂಬದ್ದು ಹೇಳಬೇಕು. ತಂದೆಗೆ ಸಣ್ಣ ಅಂಗಡಿ, ಮಗ ಒಂಬತ್ತನೆಯ ತರಗತಿ. ಮಗಳಿಗೆ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್, ಮೇಲೆ ಬರೆದ ಹತ್ತು ಲಕ್ಷದ ಲೆಕ್ಕ ಅವಳದೇ. ಇಲ್ಲವಾದರೆ ಅವಳ ರ್‍ಯಾಂಕಿಗೆ ಜಿಲ್ಲೆಯ ಕಾಲೇಜಿನಲ್ಲಿ ಸರ್ಕಾರಿ ಶುಲ್ಕದಲ್ಲಿ ಎಲೆಕ್ಟ್ರಾನಿಕ್ಸ್ ಸಿಗುವಂತಿತ್ತು. "ಊರಲ್ಲೇ ಓದಿಸಿದರೆ ಜನ ಏನಂತಾರೆ ಫಾದರ್" ಎಂದರು ತಂದೆ. ಮಗಳು ಮುಕ್ಕಾಲು ಗಂಟೆ ಬಾಯಿ ಬಿಡಲಿಲ್ಲ. ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು, "ಹದಿನೈದು ವರ್ಷ ಅಂದರೆ ಮುಗಿಯುವಾಗ ನನಗೆ ಮೂವತ್ತೆಂಟು, ಅಲ್ವಾ?" ಎಂದಳು. ಯಾರೂ ಉತ್ತರ ಕೊಡಲಿಲ್ಲ. ಆ ಮೂವತ್ತೆಂಟರೊಳಗೆ ಅವಳ ಮದುವೆ ಇದೆ, ತಮ್ಮನ ಓದು ಇದೆ, ಇಷ್ಟವಿಲ್ಲದ ಕೆಲಸ ಬಿಡುವ ಸ್ವಾತಂತ್ರ್ಯ ಇದೆ; ಯಾರಿಗೆ ಗೊತ್ತು, ಒಂದು ದೈವಕರೆಯೂ ಇರಬಹುದು.

ಅವಳಿಗೆ ಇಷ್ಟವಾದದ್ದು ಕಂಪ್ಯೂಟರ್ ಸೈನ್ಸ್ ಎಂಬುದೂ ಸುಳ್ಳಲ್ಲ. ಅದಕ್ಕೆ ನಾನು ಇದೇ ಸರಿ ಎಂದು ಹೇಳಲಿಲ್ಲ. ಹಾಳೆ ಹರಿದು ಕೊಟ್ಟು, ಊಟದ ಮೇಜಿನ ಮೇಲಿಟ್ಟು ನಾಲ್ವರೂ ಮಾತಾಡಿ ಎಂದೆ, ತಮ್ಮನನ್ನೂ ಕೂರಿಸಿಕೊಳ್ಳಿ ಎಂದೆ. ಕಳೆದ ಶನಿವಾರ ಅವಳು ಬಂದು ಹೋದಳು. ಆಯ್ಕೆ ಪಟ್ಟಿಯಲ್ಲಿ ಮೊದಲು ಬೆಂಗಳೂರಿನ ಯುವಿಸಿಇ (1917ರಲ್ಲಿ ವಿಶ್ವೇಶ್ವರಯ್ಯನವರು ಆರಂಭಿಸಿದ್ದು, ಸರ್ಕಾರದ್ದೇ), ಅದರ ಕೆಳಗೆ ಜಿಲ್ಲೆಯ ಕಾಲೇಜು ನಮೂದಿಸಿದ್ದಾಳಂತೆ. ಖಾಸಗಿ ವಿಶ್ವವಿದ್ಯಾಲಯಕ್ಕೆ ಕಟ್ಟಬೇಕಿದ್ದ ಮುಂಗಡವನ್ನು ತಂದೆ ಇನ್ನೂ ಕಟ್ಟಿಲ್ಲ, ಕಟ್ಟುವುದಿಲ್ಲವೆಂದೂ ಹೇಳಿಲ್ಲ. ಸೀಟು ಹಂಚಿಕೆಯ ಮೊದಲ ಸುತ್ತು ಬರುವ ವಾರ.