ಮೀಸೆ ಮೂಡುವ ವಯಸ್ಸು, ಉಪ್ಪು ಮತ್ತು ಬಿ.ಪಿ.

13–14ರ ಮಗನಿಗೆ ಬಿ.ಪಿ. ತುಸು ಹೆಚ್ಚಿದೆ ಎಂದು ವೈದ್ಯರು ಹೇಳಿದರೆ ಹೆತ್ತವರಿಗೆ ದಿಗಿಲಾಗುವುದು ಸಹಜ. ಮೊದಲು ಕಾರಣ ತಿಳಿದುಕೊಳ್ಳೋಣ.

ಎಳವೆಯಲ್ಲಿ ಗಂಡು, ಹೆಣ್ಣು ಮಕ್ಕಳ ರಕ್ತದೊತ್ತಡ ಹೆಚ್ಚುಕಡಿಮೆ ಒಂದೇ. ದನಿ ಒಡೆದು ಮೀಸೆ ಮೂಡುವ ಹೊತ್ತಿಗೆ ಹುಡುಗರದ್ದು ಸ್ವಲ್ಪ ಮೇಲೇರುತ್ತದೆ. ಬೆಳೆಯುವ ಮೈಗಾತ್ರ ಇದಕ್ಕೆ ಒಂದು ಕಾರಣ. ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಇನ್ನೊಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಉಪ್ಪಿನಲ್ಲಿರುವ ಸೋಡಿಯಂ ಹೆಚ್ಚಾದರೆ ಮೂತ್ರಪಿಂಡ ಅದನ್ನು ಹೊರಹಾಕಬೇಕು. ಆದರೆ ಮೈಯೊಳಗಿನ ರೆನಿನ್–ಆಂಜಿಯೊಟೆನ್ಸಿನ್ ಎಂಬ ಏರ್ಪಾಡು ರಕ್ತನಾಳಗಳನ್ನು ಬಿಗಿಗೊಳಿಸಿ, ಉಪ್ಪನ್ನೂ ನೀರನ್ನೂ ಮೈಯಲ್ಲೇ ಉಳಿಸುತ್ತದೆ. ಟೆಸ್ಟೋಸ್ಟೆರಾನ್ ಈ ಏರ್ಪಾಡನ್ನು ಚುರುಕುಗೊಳಿಸುತ್ತದೆ. ಉಪ್ಪು ತಿಂದರೆ ಬೇಗ ಒತ್ತಡ ಏರುವ ಡಾಲ್ ತಳಿಯ ಗಂಡು ಇಲಿಗಳ ವೃಷಣ ತೆಗೆದಾಗ ಆ ಏರಿಕೆ ತಗ್ಗಿದ್ದು ಪ್ರಯೋಗಗಳಲ್ಲಿ ಕಂಡಿದೆ.

ಮನುಷ್ಯರಲ್ಲಿ ವಿಷಯ ಇಷ್ಟು ನೇರವಲ್ಲ. ಟೆಸ್ಟೋಸ್ಟೆರಾನ್ ಕಡಿಮೆಯಿರುವ ವಯಸ್ಕ ಗಂಡಸರಲ್ಲೂ ಬಿ.ಪಿ. ಹೆಚ್ಚಿರುವುದುಂಟು. ಆದ್ದರಿಂದ ಹಾರ್ಮೋನನ್ನು ದೂರುವುದು ಬೇಡ; ಅದು ಬೆಳವಣಿಗೆಗೆ ಬೇಕೇ ಬೇಕು. ಆದರೆ ಮೈಕಟ್ಟಿಗೆಂದು ಜಿಮ್‌ಗಳಲ್ಲಿ ಸಿಗುವ ಸ್ಟೆರಾಯ್ಡ್ ಗಂಡು ಹಾರ್ಮೋನಿನ ಕೃತಕ ರೂಪ, ಅದರಿಂದ ಬಿ.ಪಿ. ಏರುತ್ತದೆಂದು ಮಗನಿಗೆ ಬಿಡಿಸಿ ಹೇಳಿ. ಇನ್ನು ನಮ್ಮ ಕೈಯಲ್ಲಿರುವುದು ಉಪ್ಪು.

ಹುಡುಗ ಉಪ್ಪು–ಖಾರಕ್ಕೆ ಕೈಚಾಚುವುದು ಹಟದಿಂದಲ್ಲ. ಎತ್ತರಕ್ಕೆ ಬೆಳೆಯುವಾಗ ಹಸಿವು ಜಾಸ್ತಿ. ನಾಲಿಗೆಯಂತೂ ಮನೆಯ ರುಚಿಗೇ ಪಳಗಿರುತ್ತದೆ. ಹುಲಿಕೆರೆ, ಹಳೇಬೀಡು ಕಡೆಯ ಊಟವನ್ನೇ ನೋಡಿ. ಮುದ್ದೆಗೆ ಉಪ್ಪು ಅಷ್ಟಾಗಿ ಹಾಕುವುದಿಲ್ಲ, ಅದನ್ನು ನೆನೆದು ಬಸ್ಸಾರಿಗೆ ಒಂದಿಷ್ಟು ಮುಂದಾಗಿಯೇ ಬೀಳುತ್ತದೆ. ಜೊತೆಗೆ ಉಪ್ಪಿನಕಾಯಿ, ಹಪ್ಪಳ. ಕೊನೆಗೆ ಮಜ್ಜಿಗೆಗೂ ಒಂದು ಚಿಟಿಕೆ. ಶಾಲೆ ಬಿಟ್ಟ ಮೇಲೆ ಗೆಳೆಯರೊಡನೆ ಚಿಪ್ಸ್.

ಮಗನೊಬ್ಬನಿಗೇ ಸಪ್ಪೆ ಸಾರು ಎತ್ತಿಡುವುದು ಅಕ್ಕರೆಯಿಂದಲೇ. ಅವನಿಗೆ ಮಾತ್ರ ಅದು ಶಿಕ್ಷೆಯಾಗಿ ಕಾಣುತ್ತದೆ, ಅಂಗಡಿಯ ಪೊಟ್ಟಣ ಇನ್ನಷ್ಟು ಹತ್ತಿರವಾಗುತ್ತದೆ. ಬದಲಿಗೆ ಇಡೀ ಮನೆಯ ಸಾರಿಗೇ ಉಪ್ಪು ತುಸುತುಸುವಾಗಿ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ. ನಿಂಬೆ, ಹುಣಸೆ, ಕೊತ್ತಂಬರಿ ನೆರವಿಗಿವೆ. ದೊಡ್ಡವರಿಗೂ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ. ಪೊಟ್ಟಣದ ಮೇಲೆ ಸೋಡಿಯಂ 400 ಮಿಲಿಗ್ರಾಂ ಎಂದಿದ್ದರೆ ಅದು 1 ಗ್ರಾಂ ಉಪ್ಪಿಗೆ ಸಮ. ಸೈಂಧವ ಲವಣವೂ ಸೋಡಿಯಂ ಉಪ್ಪೇ.

ಒಂದೇ ಸಲದ ಅಳತೆಗೆ ಹೆದರಬೇಡಿ. 13 ದಾಟಿದವರಲ್ಲಿ 120/80ಕ್ಕಿಂತ ಕೆಳಗಿದ್ದರೆ ಸಹಜ. 130/80 ಅಥವಾ ಅದಕ್ಕಿಂತ ಹೆಚ್ಚು ಎಂದು ಬೇರೆ ಬೇರೆ ದಿನಗಳ ಮೂರು ಭೇಟಿಯಲ್ಲೂ ಕಂಡರೆ ತಪಾಸಣೆ ಬೇಕು. ಕೆಲವೊಮ್ಮೆ ಮೂತ್ರಪಿಂಡದ ತೊಂದರೆಯೂ ಇದರ ಹಿಂದಿರಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಮಗನ ಜೊತೆ ನಿಮ್ಮ ಬಿ.ಪಿ.ಯನ್ನೂ ಅಳೆಸಿಕೊಳ್ಳಿ.