ರಣಹದ್ದು ಹೋಯಿತು, ನಾಯಿ ಬಂತು

ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ದೇವಣಿ ಎತ್ತಿನ ಪರಿಚಯ ಹೇಳಬೇಕಾಗಿಲ್ಲ. ಅಂಥ ಎತ್ತೊಂದು ಕಾಲು ಊದಿ ಮಲಗಿದರೆ ಮನೆಯವರೆಲ್ಲರ ಮುಖ ಬಾಡುತ್ತದೆ. ನೋವಿಗೊಂದು ಸೂಜಿಮದ್ದು ಹಾಕಿಸುತ್ತೀರಿ. ಆ ಮದ್ದಿಗೂ ಬೀದಿನಾಯಿಯ ಕಡಿತಕ್ಕೂ ನಂಟಿದೆ ಎಂದರೆ ನಂಬುವಿರಾ?

1990ರ ದಶಕದಲ್ಲಿ ಭಾರತದ ರಣಹದ್ದುಗಳು ರಾಶಿರಾಶಿಯಾಗಿ ಸಾಯತೊಡಗಿದವು. ಮೂರು ಜಾತಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಅಳಿದವು. ಯಾವುದೋ ಸೋಂಕಿರಬೇಕೆಂದು ಮೊದಲು ಶಂಕಿಸಿದ್ದರು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದರು. ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕಟ್ಟಿತ್ತು, ಮೂತ್ರಪಿಂಡಗಳು ಕೆಟ್ಟಿದ್ದವು. ಕಾರಣ ಡೈಕ್ಲೋಫೆನಾಕ್ ಎಂದು 2004ರಲ್ಲಿ ಪ್ರಕಟಿಸಿದರು. ದನಕ್ಕೆ ಕೊಟ್ಟ ನೋವಿನ ಮದ್ದು, ಅದು ಸತ್ತ ಮೇಲೂ ಮಾಂಸದಲ್ಲುಳಿದು, ತಿಂದ ಹದ್ದನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತಿತ್ತು.

ಹೋದರೆ ಹೋಗಲಿ ಎನ್ನುವಿರೇನೋ. ಯಾಜಕಕಾಂಡವೂ ಹದ್ದನ್ನು ತಿನ್ನಬಾರದ ಪಕ್ಷಿಗಳ ಸಾಲಿನಲ್ಲಿಟ್ಟಿದೆ. ಆ ಬೋಳು ಕತ್ತು ಕಂಡರೆ ಯಾರಿಗೆ ತಾನೇ ಪ್ರೀತಿ? ಆದರೆ ಹದ್ದಿನ ಹಿಂಡು ಸತ್ತ ದನವೊಂದನ್ನು ಬೇಗನೆ ಬರೀ ಎಲುಬಾಗಿಸುತ್ತಿತ್ತು. ಹದ್ದಿಲ್ಲದ ಮೇಲೆ ಹೆಣ ಅಲ್ಲೇ ಕೊಳೆತು ನೀರು ಕೆಡಿಸಿತು. ಉಳಿದದ್ದು ನಾಯಿಗಳ ಪಾಲಾಯಿತು. ನಾಯಿಗಳು ಹೆಚ್ಚಿದವು, ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು. ಷಿಕಾಗೋ ವಿಶ್ವವಿದ್ಯಾನಿಲಯದ ಇಯಾಲ್ ಫ್ರಾಂಕ್ ಮತ್ತು ವಾರ್ವಿಕ್ ವಿಶ್ವವಿದ್ಯಾನಿಲಯದ ಅನಂತ್ ಸುದರ್ಶನ್, ಹದ್ದುಗಳ ನೆಲೆಯಾಗಿದ್ದ ಜಿಲ್ಲೆಗಳನ್ನು ಉಳಿದ ಜಿಲ್ಲೆಗಳೊಡನೆ ಹೋಲಿಸಿದರು. 2000ದಿಂದ 2005ರೊಳಗೆ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರೆಂಬುದು 2024ರಲ್ಲಿ ಪ್ರಕಟವಾದ ಅವರ ಲೆಕ್ಕ. ಅಂದಾಜೇ ಸರಿ, ತಲೆ ಎಣಿಸಿದ್ದಲ್ಲ; ಆದರೂ ಎದೆ ನಡುಗಿಸುವಂಥದ್ದು.

ದನಗಳಿಗೆ ಡೈಕ್ಲೋಫೆನಾಕ್ 2006ರಲ್ಲೇ ನಿಷೇಧವಾಯಿತು. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಯನ್ನೇ ಕೊಟ್ಟಿಗೆಗೆ ಒಯ್ಯುವುದು ಮಾತ್ರ ನಿಲ್ಲಲಿಲ್ಲ (ನಮ್ಮವರ ಜಾಣತನ!). ಹಾಗಾಗಿ 2015ರಲ್ಲಿ ಒಂದು ಸಲದ ಪ್ರಮಾಣದ ಬಾಟಲಿಗಷ್ಟೇ ಅನುಮತಿ ಉಳಿಯಿತು. ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ 2023ರಲ್ಲಿ ಪ್ರಾಣಿಗಳಿಗೆ ನಿಷಿದ್ಧವಾದವು. ಮೆಲಾಕ್ಸಿಕಾಂ ಹದ್ದಿಗೆ ಅಪಾಯವಿಲ್ಲದ್ದು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯ ನಿಮ್ಮ ಬೀದರಿನಲ್ಲೇ ಇದೆ. ಪಶುವೈದ್ಯರು ಸೂಜಿ ಎತ್ತಿದಾಗ ಯಾವ ಮದ್ದೆಂದು ಕೇಳಲು ಸಂಕೋಚಪಡಬೇಡಿ.

ಇನ್ನು ಮಕ್ಕಳಿಗೆ ನಾಯಿ ಕಚ್ಚಿದರೆ ಗಾಯಕ್ಕೆ ಸುಣ್ಣ, ಖಾರದಪುಡಿ ಹಚ್ಚಬೇಡಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗಾಯ ಮಾಯಿತೆಂದು ಉಳಿದ ಚುಚ್ಚುಮದ್ದುಗಳನ್ನು ಬಿಡಬೇಡಿ.