ಔಷಧಿಗೆ ಕಣ್ಣಿನ ಬಾಗಿಲನ್ನು ತೆರೆಯುವ ಧ್ವನಿ

ಮಾರ್ಗಶಿರ ಮಾಸದಲ್ಲಿ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲಗಳ ಕಡೆ ಸಂಚರಿಸಿದವರು ರಾಗಿಯ ಒಕ್ಕಣೆಯನ್ನು ಕಂಡೇ ಇರುವರು. ಗುಂಡುಕಲ್ಲು ಉರುಳುವ ಕಣಗಳು ಈಗ ವಿರಳ. ಎಷ್ಟೋ ಕಡೆ ತೆನೆಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ ವಾಹನಗಳಿಂದ ತುಳಿಸುವುದುಂಟು. ಆದರೆ ತೂರುವಾಗ ಗಾಳಿಗೆ ಹಾರುವ ಹೊಟ್ಟೂ ಧೂಳೂ ಹಿಂದಿನಂತೆಯೇ ಇವೆ. ಅದರ ಒಂದು ಚೂರು ರೈತನೊಬ್ಬನ ಕಣ್ಣನ್ನು ಗೀರಿತೆಂದು ಭಾವಿಸೋಣ. ಅವನು ಕಣ್ಣುಜ್ಜಿಕೊಂಡು ಕೆಲಸವನ್ನು ಮುಂದುವರಿಸುವನು. ಕೆಲವು ದಿನಗಳಲ್ಲಿ ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಕನ್ನು ನೋಡಲಾಗದಂತಾಗುವುದು. ಕಪ್ಪಾಲಿಯ ಮೇಲೆ ಬಿಳಿಯ ಚುಕ್ಕೆಯೊಂದು ಕಾಣಿಸುವುದು. ಗೀರಿನೊಳಕ್ಕೆ ಶಿಲೀಂಧ್ರವು, ಎಂದರೆ ಬೂಷ್ಟಿನ ಜಾತಿಯ ಜೀವಿಯು, ಹೊಕ್ಕು ಬೆಳೆದರೆ ಹೀಗಾಗುತ್ತದೆ. ಹುಣ್ಣು ಮಾಯ್ದ ಮೇಲೂ ಅಲ್ಲಿ ಬಿಳಿಯ ಕಲೆ ಉಳಿಯಬಹುದು. ‘ಕಣ್ಣಿಗೆ ಹೂ ಬಿದ್ದಿದೆ’ ಎಂದು ನಮ್ಮ ಜನರು ಹೇಳುವುದು ಇಂತಹ ಕಲೆಯನ್ನೇ.

ಈ ಹಂತದಲ್ಲಿ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಕಣ್ಣಿಗೆ ಬಿಡುವ ರೂಢಿ ಇನ್ನೂ ಅಳಿದಿಲ್ಲ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಗಳು ಅದಕ್ಕಿಂತಲೂ ಕೇಡು: ಕೆಂಪು ಇಳಿಯುವುದು, ದೇಹದ ರಕ್ಷಣೆಯೂ ಕುಗ್ಗುವುದು, ಶಿಲೀಂಧ್ರವು ನಿರಾತಂಕವಾಗಿ ಹಬ್ಬುವುದು. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ ಈ ಊರುಗಳಿಂದ ಒಂದೆರಡು ಗಂಟೆಯ ದಾರಿ. ಆ ದಾರಿಯನ್ನು ಮೊದಲನೆಯ ವಾರದಲ್ಲಿ ಹಿಡಿಯುವುದಕ್ಕೂ ನಾಲ್ಕನೆಯ ವಾರದಲ್ಲಿ ಹಿಡಿಯುವುದಕ್ಕೂ ಕಣ್ಣು ಉಳಿಯುವ, ಹೋಗುವ ವ್ಯತ್ಯಾಸವಿದೆ.

ಶಿಲೀಂಧ್ರವನ್ನು ಕೊಲ್ಲಲು ನೇಟಮೈಸಿನ್ ಎಂಬ ಔಷಧಿಯಿದೆ. ಆದರೆ ಅದು ಹುಣ್ಣಿನ ಆಳಕ್ಕೆ ಇಳಿಯುವುದು ಬಹು ಕಷ್ಟ. ಏಕೆಂಬುದನ್ನು ತಿಳಿಯಲು ಕಣ್ಣಿನ ರಚನೆಯನ್ನು ಸ್ವಲ್ಪ ನೋಡಬೇಕು.

ಕಪ್ಪಾಲಿಯ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಅದರ ದಪ್ಪ, ನಡುವಿನಲ್ಲಿ, ಸುಮಾರು ಅರ್ಧ ಮಿಲಿಮೀಟರು ಮಾತ್ರ. ಅದರ ಹೊರಪದರದಲ್ಲಿ ಜೀವಕೋಶಗಳು ಐದಾರು ಸಾಲುಗಳಾಗಿ ಒತ್ತೊತ್ತಾಗಿ ಜೋಡಣೆಗೊಂಡಿವೆ. ಮೇಲಿನ ಸಾಲಿನ ಸಂದುಗಳಂತೂ ಬಿಗಿಯಾಗಿ ಬೆಸೆದಿವೆ. ಕೊಬ್ಬಿನಲ್ಲಿ ಕರಗುವ ವಸ್ತು ಈ ಪದರವನ್ನು ದಾಟಬಲ್ಲುದು. ನೀರಿನಲ್ಲಿ ಕರಗುವುದಕ್ಕೆ ದಾರಿ ಸುಲಭವಲ್ಲ. ಅದರ ಹಿಂದಿನ ದಪ್ಪ ಪದರವು ನೀರಿನಿಂದ ತುಂಬಿದುದಾದ ಕಾರಣ ಅಲ್ಲಿ ನಿಯಮವು ತಿರುಗುಮುರುಗಾಗುವುದು! ಇದರ ಮೇಲೆ ಕಣ್ಣೀರಿನ ಕಾವಲು ಬೇರೆ. ಸೀಸೆಯಿಂದ ಬೀಳುವ ಹನಿ ಸುಮಾರು 40 ಮೈಕ್ರೊಲೀಟರು. ರೆಪ್ಪೆಗಳ ನಡುವೆ ನಿಲ್ಲಬಲ್ಲುದು ಸುಮಾರು 30. ಮಿಕ್ಕುದು ಕೆನ್ನೆಯ ಪಾಲು. ನಿಂತುದೂ ಕೆಲವೇ ನಿಮಿಷಗಳಲ್ಲಿ ಮೂಗಿನೊಳಕ್ಕೆ ಹರಿದುಹೋಗುವುದು. ಕಣ್ಣಿಗೆ ಔಷಧಿ ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಗುವುದನ್ನು ವಾಚಕರು ಅನುಭವಿಸಿರಬಹುದು. ಸಾಮಾನ್ಯವಾಗಿ ಹನಿಯಲ್ಲಿನ ಔಷಧಿಯ ನೂರಕ್ಕೆ 5 ಪಾಲು ಕೂಡ ಕಣ್ಣಿನೊಳಗೆ ಸೇರುವುದಿಲ್ಲ. ನೇಟಮೈಸಿನ್ನಿನ ಅಣುವಾದರೋ ದೊಡ್ಡದು, ನೀರಿನಲ್ಲಿ ಕರಗುವುದೂ ಅತ್ಯಲ್ಪ. ಆದುದರಿಂದಲೇ ಮೊದಮೊದಲು ಗಂಟೆಗೊಮ್ಮೆ ಹನಿ ಹಾಕಬೇಕು. ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ಔಷಧಿ ಇಳಿಯಲೆಂದು ವೈದ್ಯರು ಹುಣ್ಣಿನ ಮೇಲ್ಪದರವನ್ನು ಕೆರೆದು ತೆಗೆಯುವುದೂ ಉಂಟು. ಸುಗ್ಗಿಯ ಕಾಲದಲ್ಲಿ ಇಷ್ಟನ್ನೆಲ್ಲ ಪಾಲಿಸುವುದು ಸುಲಭವೆ?

ಬಾಗಿಲನ್ನು ಒಡೆಯದೆ ಕ್ಷಣಕಾಲ ಮಾತ್ರ ತೆರೆಯುವ ಉಪಾಯವುಂಟೇ ಎಂದು ಹುಡುಕಿದ ವಿಜ್ಞಾನಿಗಳಲ್ಲಿ ಕೆಲವರು ಶ್ರವಣಾತೀತ ಧ್ವನಿಯತ್ತ ತಿರುಗಿದರು. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಧ್ವನಿ ಮನುಷ್ಯನ ಕಿವಿಗೆ ಕೇಳಿಸದು. ಬೆಂಗಳೂರಿಗೆ ಇದು ಅಪರಿಚಿತ ವಿಷಯವಲ್ಲ. ಇಂತಹ ಧ್ವನಿ ಸಾಗುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಚದರುವುದೆಂಬುದನ್ನು 1935ರಲ್ಲಿ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು ಇಲ್ಲಿಯೇ ವಿವರಿಸಿದರು. ರಾಮನ್ನರು ಇಳಿವಯಸ್ಸಿನಲ್ಲಿ ಕಣ್ಣಿನ ದೃಷ್ಟಿಯನ್ನು ಕುರಿತೂ ಗ್ರಂಥ ಬರೆದರು. ಕಣ್ಣಿನ ವೈದ್ಯರಿಗೂ ಈ ಧ್ವನಿ ಹಳೆಯ ಸಹಾಯಕ: 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ನರು, ಶ್ರವಣಾತೀತ ವೇಗದಲ್ಲಿ ಕಂಪಿಸುವ ಸೂಜಿಯಿಂದ ಪೊರೆಬಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನವನ್ನು ತೋರಿಸಿದರು.

ಔಷಧಿಯ ವಿಷಯದಲ್ಲಿ ಅಮೆರಿಕದ ಸಿಯಾಟಲ್ ನಗರದ ವೆಸ್ನಾ ಜ಼್ಡೆರಿಕ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳು ಮುಖ್ಯವಾದುವು. ಮೊಲದ ಕಾರ್ನಿಯಾದ ಮೇಲೆ ದ್ರವವನ್ನಿರಿಸಿ, ಸೆಕೆಂಡಿಗೆ 8,80,000 ಕಂಪನಗಳ ಧ್ವನಿಯನ್ನು 5 ನಿಮಿಷ ಹಾಯಿಸಿದರು. ತೀವ್ರತೆ ಚದರ ಸೆಂಟಿಮೀಟರಿಗೆ ಒಂದು ವಾಟಿಗಿಂತ ಕಡಿಮೆ. ಸುಲಭವಾಗಿ ಒಳಸೇರದ ಬಣ್ಣವೊಂದು ಎರಡು ಪಟ್ಟಿಗೂ ಮಿಗಿಲಾಗಿ ಒಳಕ್ಕಿಳಿಯಿತು. ತೀವ್ರತೆ ಏರಿದಂತೆ ಇಳಿದ ಪ್ರಮಾಣವೂ ಏರಿತು.

ಇದಕ್ಕೆ ಮುಖ್ಯ ಕಾರಣ ಗುಳ್ಳೆಗಳೆಂದು ಎಣಿಸಲಾಗಿದೆ. ಧ್ವನಿಯು ದ್ರವವನ್ನು ಒಮ್ಮೆ ಒತ್ತಿ ಒಮ್ಮೆ ಸಡಿಲಿಸುವುದಷ್ಟೆ. ಸಡಿಲಿಸಿದಾಗ ಅತಿ ಸೂಕ್ಷ್ಮವಾದ ಗುಳ್ಳೆಗಳು ಹಿಗ್ಗುವುವು, ಒತ್ತಿದಾಗ ಕುಗ್ಗುವುವು. ಕೆಲವು ಥಟ್ಟನೆ ಕುಸಿದುಬೀಳುವುವು. ಆ ಕುಸಿತದ ಹೊಡೆತಕ್ಕೆ ಹೊರಪದರದ ಕೆಲವು ಕೋಶಗಳು ಸಡಿಲಗೊಂಡು ಸಂದು ಬಿಡುವುವು. ಹೊರಪದರವು ಬೇಗನೆ ಹೊಸದಾಗಿ ಬೆಳೆಯುವಂಥದಾದುದರಿಂದ ಮತ್ತೆ ಮುಚ್ಚಿಕೊಳ್ಳುವುದು.

ಇದು ಇನ್ನೂ ಆಸ್ಪತ್ರೆಯ ನಿತ್ಯಚಿಕಿತ್ಸೆಯಾಗಿಲ್ಲ. ಧ್ವನಿ ಹೀರಲ್ಪಟ್ಟೆಡೆ ಶಾಖ ಹುಟ್ಟುವುದು. ಮಸೂರದಲ್ಲಿ ರಕ್ತನಾಳಗಳಿಲ್ಲದುದರಿಂದ ಆ ಶಾಖವನ್ನು ಸಾಗಿಸಲು ಅಲ್ಲಿ ರಕ್ತವಿಲ್ಲ, ಕಾವು ಹೆಚ್ಚಿದರೆ ಪೊರೆ ಬರಬಹುದು. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಕೋಶಗಳಿವೆ. ಮನುಷ್ಯರಲ್ಲಿ ಅವು ಕೆಟ್ಟರೆ ಮತ್ತೆ ಹುಟ್ಟುವುದಿಲ್ಲವೆಂದೇ ಹೇಳಬೇಕು. ಗುಳ್ಳೆಗಳ ಹೊಡೆತ ಅಲ್ಲಿಗೆ ಮುಟ್ಟಲಾಗದು. ಆರೋಗ್ಯವಾದ ಮೊಲದ ಕಣ್ಣು ತಾಳಿದ ಹೊಡೆತವನ್ನು ಹುಣ್ಣಿನಿಂದ ಕೊರೆದು ತೆಳುವಾದ ರೈತನ ಕಾರ್ನಿಯಾ ತಾಳುವುದೇ? ನನಗೆ ತೋರುವಂತೆ, ಎಷ್ಟು ಔಷಧಿ ಒಳಹೋಯಿತೆಂಬ ಲೆಕ್ಕಕ್ಕಿಂತ ಈ ಪ್ರಶ್ನೆಯೇ ದೊಡ್ಡದು.